ಸಿದ್ದಾಪುರದ ‘ಕಲ್ಲೆಲೆ’ಯೂ ಹಾರ್ನ್‌ಬೀಮ್ ವೃಕ್ಷದ ಅಳಿದ ಬಂಧುಗಳೂ

ಕೊಪ್ಪಳ ಜಿಲ್ಲೆಯ ಸಿದ್ದಾಪುರದ ಕಡೆಯಿಂದ ವಿದ್ಯಾರ್ಥಿಗಳು ಆಗಾಗ ಕಲ್ಲಿನ ಚೂರುಗಳನ್ನು ತಂದು, ಅವುಗಳ ಮೇಲಿನ ಕಪ್ಪು ಕವಲುಗಳನ್ನು ಪ್ರಾಚೀನ ಎಲೆಯ ಅಚ್ಚೆಂದು ತೋರಿಸುವುದುಂಟು. ಅವರ ಉತ್ಸಾಹವನ್ನು ಮೆಚ್ಚಿದರೂ ನಾವು ಇದನ್ನು ಒಪ್ಪಲಾರೆವು. ಆ ಸೀಮೆಯ ನೆಲಗಟ್ಟು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟ್ ಮತ್ತು ನೈಸ್ ಶಿಲೆ. ಎಲೆಯ ಮಾತಿರಲಿ, ಆಗ ನೆಲದ ಮೇಲೆ ಗಿಡವೇ ಹುಟ್ಟಿರಲಿಲ್ಲ. ಬಿರುಕಿಗಿಳಿದ ನೀರು ಉಳಿಸಿಹೋದ ಮ್ಯಾಂಗನೀಸ್ ಆಕ್ಸೈಡು ಕವಲೊಡೆದು ಹಾಗೆ ತೋರುತ್ತದೆ.

ನಿಜವಾದ ಸಸ್ಯಾವಶೇಷವು ಹೇಗೆ ಸಾಕ್ಷ್ಯ ನುಡಿಯುತ್ತದೆಂಬುದಕ್ಕೆ ಹಾರ್ನ್‌ಬೀಮಿನ ಅಳಿದ ಬಂಧುಗಳು ಒಳ್ಳೆಯ ನಿದರ್ಶನ. 1981ರಲ್ಲಿ ಪೀಟರ್ ಕ್ರೇನ್ ಅವರು ದಕ್ಷಿಣ ಇಂಗ್ಲೆಂಡಿನ ಪೇಲಿಯೊಸೀನ್ ಯುಗದ ಸ್ತರಗಳಿಂದ ‘ಪೇಲಿಯೊಕಾರ್ಪೈನಸ್’ ಎಂಬ ಕುಲವನ್ನು ವರ್ಣಿಸಿದರು. ಇದರ ಪುಟ್ಟ ಕಾಯಿ ಹಾರ್ನ್‌ಬೀಮಿನದನ್ನು ಹೋಲುತ್ತದೆ. ಅದನ್ನು ಅಪ್ಪಿಕೊಂಡ ಸೀಳಂಚಿನ ಎರಡು ಪುಷ್ಪಪತ್ರಗಳೋ ಹೇಝಲ್ ಗಿಡವನ್ನು ನೆನಪಿಗೆ ತರುತ್ತವೆ. ಎರಡು ಮನೆತನಗಳ ಲಕ್ಷಣ ಒಂದೇ ಕಾಯಿಯಲ್ಲಿ! 1987ರಲ್ಲಿ ಮ್ಯಾಂಚೆಸ್ಟರ್ ಮತ್ತು ಕ್ರೇನ್ ಅವರು ವರ್ಣಿಸಿದ ಅಮೆರಿಕದ ‘ಆಸ್ಟರೊಕಾರ್ಪೈನಸ್’ ಕಾಯಿಗೆ ನಕ್ಷತ್ರದಂತೆ ಹರಡಿದ ರೆಕ್ಕೆಗಳಿದ್ದವು.

ಇವು ನಮ್ಮಲ್ಲೇಕಿಲ್ಲ? ಸುಮಾರು 6 ಕೋಟಿ ವರ್ಷಗಳ ಹಿಂದೆ ಪೇಲಿಯೊಕಾರ್ಪೈನಸ್ ಉತ್ತರದ ಖಂಡಗಳಲ್ಲಿ ಬೆಳೆಯುತ್ತಿದ್ದಾಗ ಭಾರತದ ಭೂಭಾಗವು ಏಷ್ಯದೊಡನೆ ಇನ್ನೂ ಕೂಡಿರಲಿಲ್ಲ. ಇಂದು ಹಿಮಾಲಯದಲ್ಲಿ ಹಾರ್ನ್‌ಬೀಮ್ ಉಂಟು. ದಖ್ಖನಿಗೆ ಅದು ಇಳಿದಿಲ್ಲ. ದಖ್ಖನಿನ ಲಾವಾ ಹಾಸುಗಳ ನಡುವೆ, ಮಧ್ಯಪ್ರದೇಶದ ಮೋಹಗಾಂವ್ ಕಲಾನ್‌ನಂತಹ ಕಡೆಗಳಲ್ಲಿ, ದೊರೆತಿರುವುದು ತಾಳೆಯ ಬಳಗದ ಮರ ಮೊದಲಾದವು. ಅಂತಹ ಸ್ತರ ನಮ್ಮ ಗುರುಮಠಕಲ್ಲಿನ ಬಳಿಯೂ ಇದೆ. ಪಳೆಯುಳಿಕೆಗಳನ್ನು ಅರಸುವವರು ಅತ್ತ ಹೋಗಲಿ. ಸಿದ್ದಾಪುರದ ವಿದ್ಯಾರ್ಥಿಗಳಿಗೆ ತಮ್ಮ ಜಿಲ್ಲೆಯಲ್ಲೇ ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿವೆ.