ಮತ್ತೆ ಅದೇ ಬೆಳಗು, ಬದಲಾದ ತೀರ್ಪು

'ಗ್ರೌಂಡ್‌ಹಾಗ್ ಡೇ' ಎಂಬ ಹಾಲಿವುಡ್ ಹಾಸ್ಯಚಿತ್ರ 1993ರ ಫೆಬ್ರುವರಿ 12ರಂದು ಅಮೆರಿಕದಲ್ಲಿ ತೆರೆಕಂಡಿತು. 'ವಾಷಿಂಗ್ಟನ್ ಪೋಸ್ಟ್' ಪತ್ರಿಕೆಯ ವಿಮರ್ಶಕ ಡೆಸನ್ ಹೋವ್ ಚಿತ್ರ ಚೆನ್ನಾಗಿದೆ ಎಂದು ಒಪ್ಪಿಕೊಂಡರು. ಆದರೆ ಅಮೆರಿಕದ ಸಂಸತ್ ಗ್ರಂಥಾಲಯ ಇದನ್ನು ರಾಷ್ಟ್ರೀಯ ಸಂಪತ್ತೆಂದು ಘೋಷಿಸುವ ಕಾಲ ಎಂದಿಗೂ ಬಾರದು ಎಂದೂ ಬರೆದರು. ಹದಿಮೂರು ವರ್ಷಗಳ ನಂತರ, 2006ರಲ್ಲಿ, ಅದೇ ಗ್ರಂಥಾಲಯ ಶಾಶ್ವತವಾಗಿ ಕಾಪಾಡಬೇಕಾದ ಚಿತ್ರಗಳ ರಾಷ್ಟ್ರೀಯ ಪಟ್ಟಿಗೆ ಅದೇ ಚಿತ್ರವನ್ನು ಸೇರಿಸಿತು!

ಇದನ್ನು ಒಬ್ಬ ವಿಮರ್ಶಕನ ಎಡವಟ್ಟು ಎಂದು ನಕ್ಕು ಬಿಡುವುದು ಸುಲಭ. ಆದರೆ ಅಂದು ಹಾಗೆ ಭಾವಿಸಿದವರು ಹೋವ್ ಒಬ್ಬರೇ ಅಲ್ಲ. ಪ್ರೇಮ, ಹಾಸ್ಯ, ಅಲೌಕಿಕ ಚಮತ್ಕಾರ ಈ ಮೂರೂ ಬೆರೆತ ಚಿತ್ರವನ್ನು 'ಒಂದು ಸಂಜೆಯ ಮನರಂಜನೆ' ಎಂದು ಪಕ್ಕಕ್ಕಿಡುವುದು ವಿಮರ್ಶೆಯ ಹಳೆಯ ರೂಢಿ. ಆ ರೂಢಿ ಹೇಗೆ ಸಡಿಲವಾಯಿತು ಎಂಬುದಕ್ಕೆ ಈ ಚಿತ್ರದ ಚರಿತ್ರೆ ಒಳ್ಳೆಯ ನಿದರ್ಶನ.

ಗ್ರೌಂಡ್‌ಹಾಗ್ ಎಂಬುದು ಬಿಲದಲ್ಲಿ ವಾಸಿಸುವ, ಅಳಿಲಿನ ಕುಟುಂಬಕ್ಕೆ ಸೇರಿದ ದಪ್ಪ ಪ್ರಾಣಿ. ಫೆಬ್ರುವರಿ 2ರಂದು ಬಿಲದಿಂದ ಹೊರಬಂದಾಗ ಅದು ತನ್ನ ನೆರಳನ್ನು ಕಂಡರೆ ಚಳಿಗಾಲ ಇನ್ನೂ ಆರು ವಾರ ಮುಂದುವರಿಯುತ್ತದೆ ಎಂಬುದು ಅಲ್ಲಿನ ಜನಪದ ನಂಬಿಕೆ. ಪೆನ್ಸಿಲ್ವೇನಿಯಾ ರಾಜ್ಯದ ಪಂಕ್ಸುಟಾನಿ ಎಂಬ ಸಣ್ಣ ಊರಿನಲ್ಲಿ 1887ರಿಂದಲೂ ಇದೊಂದು ಜಾತ್ರೆಯಂತೆ ನಡೆದುಬಂದಿದೆ. ಚಿತ್ರದ ನಾಯಕ ಫಿಲ್ ಕಾನರ್ಸ್ ಟಿ.ವಿ.ಯಲ್ಲಿ ಹವಾಮಾನ ವರದಿ ಹೇಳುವವನು. ದುರಹಂಕಾರಿ, ಎಲ್ಲರನ್ನೂ ಕೀಳಾಗಿ ಕಾಣುವವನು. ಒಲ್ಲದ ಮನಸ್ಸಿನಿಂದ ಈ ಉತ್ಸವದ ವರದಿಗೆ ಬಂದವನು ಹಿಮಪಾತಕ್ಕೆ ಸಿಕ್ಕಿ ಅಲ್ಲೇ ಉಳಿಯುತ್ತಾನೆ. ಮರುದಿನ ಬೆಳಗಿನ ಆರಕ್ಕೆ ಎಚ್ಚರವಾದರೆ, ಅದು ಮರುದಿನವಲ್ಲ! ಅದೇ ಫೆಬ್ರುವರಿ 2, ರೇಡಿಯೊದಲ್ಲಿ ಅದೇ ಹಾಡು, ಬೀದಿಯಲ್ಲಿ ಅದೇ ಜನ. ನಿನ್ನೆಯ ನೆನಪು ಅವನಿಗೊಬ್ಬನಿಗೇ.

ನಾಳೆಯೇ ಇಲ್ಲದ ಮೇಲೆ ಭಯವೇಕೆ ಎಂದು ಅವನು ಮೊದಲು ಮನಸ್ಸಿಗೆ ಬಂದಂತೆ ಮೆರೆಯುತ್ತಾನೆ. ಸಹೋದ್ಯೋಗಿ ರೀಟಾಳ ಇಷ್ಟಾನಿಷ್ಟಗಳನ್ನು ದಿನಕ್ಕೊಂದರಂತೆ ಅರಿತು, ಕಪಟದಿಂದ ಅವಳನ್ನು ಒಲಿಸಿಕೊಳ್ಳಲು ನೋಡುತ್ತಾನೆ. ಪ್ರತಿ ಸಲವೂ ಕಪಾಳಮೋಕ್ಷವಾಗುತ್ತದೆ. ಬಳಿಕ ಹತಾಶನಾಗಿ ಪ್ರಾಣ ಕಳೆದುಕೊಂಡರೂ ಬೆಳಿಗ್ಗೆ ಆರಕ್ಕೆ ಮತ್ತೆ ಅದೇ ಹಾಸಿಗೆ. ಕೊನೆಗೆ ಪಿಯಾನೊ ಕಲಿಯುತ್ತಾನೆ, ಮರದಿಂದ ಬೀಳುವ ಹುಡುಗನನ್ನು ದಿನವೂ ಹಿಡಿಯುತ್ತಾನೆ, ಅನಾಥ ಮುದುಕನೊಬ್ಬನನ್ನು ಉಳಿಸಲು ಹೆಣಗಿ ಸೋಲುತ್ತಾನೆ. ರೀಟಾಳನ್ನು ಗೆಲ್ಲುವ ಲೆಕ್ಕಾಚಾರ ಬಿಟ್ಟ ದಿನವೇ ಅವಳು ಅವನಿಗೆ ಒಲಿಯುತ್ತಾಳೆ. ಆಗ ಫೆಬ್ರುವರಿ 3 ಬೆಳಗಾಗುತ್ತದೆ.

ಇಂಥ ಕಥೆಗಳಲ್ಲಿ ಚಮತ್ಕಾರಕ್ಕೊಂದು ಕಾರಣವಿರುವುದು ವಾಡಿಕೆ. ನಮ್ಮ ಪುರಾಣಗಳಲ್ಲಿ ಶಾಪವಿದ್ದಲ್ಲಿ ಉಶ್ಶಾಪವೂ ಉಂಟು. ಇಲ್ಲಿ ಎರಡೂ ಇಲ್ಲ. ಡ್ಯಾನಿ ರೂಬಿನ್ ಬರೆದ ಮೂಲ ಚಿತ್ರಕಥೆಯಲ್ಲಿ ದಿನ ಮರುಕಳಿಸುವುದಕ್ಕೆ ಕಾರಣವೇ ಇರಲಿಲ್ಲ. ನಿರ್ಮಾಣದ ಹಂತದಲ್ಲಿ, ಫಿಲ್ ಕೈಬಿಟ್ಟ ಹಳೆಯ ಪ್ರೇಯಸಿ ಅವನಿಗೆ ಶಾಪ ಕೊಡುವ ಪ್ರಸಂಗವನ್ನು ಕರಡಿನಲ್ಲಿ ಸೇರಿಸಲಾಯಿತು. ಆದರೆ ಅದು ತೆರೆಗೆ ಬರಲಿಲ್ಲ. ಶಾಪ ಉಳಿದಿದ್ದರೆ ಕಥೆ ಅವನೊಬ್ಬನದಾಗುತ್ತಿತ್ತು. ಅದು ಹೋದದ್ದರಿಂದ, ದಿನವೂ ಅದೇ ಕೆಲಸಕ್ಕೆ ಏಳುವ ಪ್ರತಿಯೊಬ್ಬನ ಕಥೆಯಾಯಿತು.

1993ರ ವಿಮರ್ಶಕರಲ್ಲಿ ಹೆಚ್ಚಿನವರು ಚಿತ್ರವನ್ನು ಮೆಚ್ಚಿದರು. ಆದರೆ ಅದು ಬೆನ್ನು ತಟ್ಟುವ ಮೆಚ್ಚುಗೆ; ಹೊಗಳಿಕೆ ಬಹುಪಾಲು ನಟ ಬಿಲ್ ಮರ್ರೆಯ ಹಾಸ್ಯಕ್ಕೆ ಸಂದಿತು. 'ಷಿಕಾಗೊ ಸನ್-ಟೈಮ್ಸ್' ಪತ್ರಿಕೆಯ ಹೆಸರಾಂತ ವಿಮರ್ಶಕ ರೋಜರ್ ಈಬರ್ಟ್ ನಾಲ್ಕರಲ್ಲಿ ಮೂರು ತಾರೆ ಕೊಟ್ಟರು. ಅಮೆರಿಕದಲ್ಲಿ ಚಿತ್ರ ಸುಮಾರು 7 ಕೋಟಿ ಡಾಲರ್ ಗಳಿಸಿತು. ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಚಿತ್ರಕಥೆಗೆ ದೊರೆಯಿತು; ಆಸ್ಕರ್ ಸ್ಪರ್ಧೆಗೆ ಮಾತ್ರ ಒಂದು ನಾಮಕರಣವೂ ಆಗಲಿಲ್ಲ.

ಇದು ಬರಿಯ ಹಾಸ್ಯವೋ, ಅದಕ್ಕಿಂತ ಮಿಗಿಲಾದುದೋ ಎಂಬ ಪ್ರಶ್ನೆ ಚಿತ್ರೀಕರಣದ ವೇಳೆಯಲ್ಲೇ ಎದ್ದಿತ್ತು. ಕಥೆಯ ತಾತ್ವಿಕ ಮುಖ ಮುಂದೆ ಬರಬೇಕೆಂದು ಮರ್ರೆ ಬಯಸಿದರೆ, ಹಾಸ್ಯ ಮಂಕಾಗಬಾರದೆಂಬುದು ನಿರ್ದೇಶಕ ಹೆರಾಲ್ಡ್ ರಾಮಿಸ್ ಪಟ್ಟು. ಹಲವು ಚಿತ್ರಗಳಲ್ಲಿ ಜೊತೆಗೂಡಿ ದುಡಿದಿದ್ದ ಈ ಗೆಳೆಯರ ನಡುವೆ ಆಮೇಲೆ ವರ್ಷಗಟ್ಟಲೆ ಮಾತೇ ಇರಲಿಲ್ಲ. 2014ರಲ್ಲಿ ತೀರಿಕೊಂಡ ರಾಮಿಸ್ ಅವರನ್ನು ಮರ್ರೆ ಕೊನೆಯ ದಿನಗಳಲ್ಲಷ್ಟೇ ಹೋಗಿ ಕಂಡರು. ಇಬ್ಬರ ಮಾತೂ ಒಂದೇ ಚಿತ್ರದಲ್ಲಿ ನಿಜವಾಗಿತ್ತು ಎಂಬುದನ್ನು ಕಾಲ ತೋರಿಸಿತು. ಆದರೆ ಅದಕ್ಕೆ ತೆತ್ತ ಬೆಲೆ ಒಂದು ಸ್ನೇಹ.

ಚಿತ್ರಮಂದಿರಗಳಿಂದ ಹೊರಬಂದ ಮೇಲೆ ಚಿತ್ರ ವಿಡಿಯೊ ಕ್ಯಾಸೆಟ್ಟು, ಟಿ.ವಿ.ಗಳ ಮೂಲಕ ಮನೆಗಳನ್ನು ಹೊಕ್ಕಿತು. ಜನ ಅದನ್ನು ಮತ್ತೆ ಮತ್ತೆ ನೋಡಿದರು. ಹೇಳಿ ಕೇಳಿ ಮರುಕಳಿಕೆಯನ್ನೇ ಕಥಾವಸ್ತುವಾಗಿ ಉಳ್ಳ ಚಿತ್ರ. ಮರಳಿ ನೋಡಿದಾಗಲೇ ಅದರ ಒಳಗುಟ್ಟು ಬಿಚ್ಚಿಕೊಂಡಿತು. ಬೌದ್ಧರು ಇದರಲ್ಲಿ ಸಂಸಾರಚಕ್ರವನ್ನೂ ಬಿಡುಗಡೆಯನ್ನೂ ಕಂಡರು. ಯಹೂದಿಗಳಿಗೆ ಸತ್ಕರ್ಮದ ಪಾಠವಾಗಿ, ಕ್ರೈಸ್ತರಿಗೆ ಪ್ರಾಯಶ್ಚಿತ್ತದ ಕಥೆಯಾಗಿ ತೋರಿತು. ಪ್ರತಿಯೊಂದು ಮತದವರೂ 'ಇದು ನಮ್ಮದೇ ಚಿತ್ರ' ಎಂದು ರಾಮಿಸ್ ಅವರಿಗೆ ಪತ್ರ ಬರೆದರು. 2003ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯ ಏರ್ಪಡಿಸಿದ, ಚಲನಚಿತ್ರ ಮತ್ತು ದೈವಶ್ರದ್ಧೆಯನ್ನು ಕುರಿತ ಚಿತ್ರೋತ್ಸವದಲ್ಲೂ ಇದಕ್ಕೆ ಸ್ಥಾನ ಸಿಕ್ಕಿತು.

2005ರ ಜನವರಿಯಲ್ಲಿ ಈಬರ್ಟ್ ತಮ್ಮ 'ಮಹಾನ್ ಚಿತ್ರಗಳು' ಲೇಖನಮಾಲೆಗೆ ಈ ಚಿತ್ರವನ್ನು ಸೇರಿಸಿಕೊಂಡರು. ಹಿಂದೆ ತಾವು ಇದನ್ನು ಕಡಿಮೆ ಅಳೆದಿದ್ದುದನ್ನು ಮುಚ್ಚಿಡಲಿಲ್ಲ. ತನ್ನ ಗುರಿಯನ್ನು ಇಷ್ಟು ಕರಾರುವಾಕ್ಕಾಗಿ ಮುಟ್ಟುವ ಚಿತ್ರದ ಪ್ರತಿಭೆ ಮೊದಲ ನೋಟಕ್ಕೆ ಗೋಚರಿಸದಿರಬಹುದು ಎಂಬುದು ಅವರ ವಿವರಣೆ. 2008ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಆರಿಸಿದ ಹತ್ತು ಶ್ರೇಷ್ಠ ಅದ್ಭುತರಮ್ಯ ಚಿತ್ರಗಳಲ್ಲಿ ಇದು ಎಂಟನೆಯದಾಯಿತು.

ಅದೇ ಪಟ್ಟಿಯಲ್ಲಿ ಮೂರನೆಯದು ಫ್ರಾಂಕ್ ಕಾಪ್ರಾ ನಿರ್ದೇಶನದ, 1946ರ 'ಇಟ್ಸ್ ಎ ವಂಡರ್‌ಫುಲ್ ಲೈಫ್'. ಬದುಕು ಸಾಕೆಂದು ಹೊರಟವನನ್ನು ದೇವದೂತನೊಬ್ಬ ತಡೆಯುವ ಆ ಚಿತ್ರ ಬಿಡುಗಡೆಯ ಕಾಲದಲ್ಲಿ ಹಾಕಿದ ಬಂಡವಾಳವನ್ನೂ ಹಿಂದಕ್ಕೆ ತರಲಿಲ್ಲ. 1974ರಲ್ಲಿ ಅದರ ಕೃತಿಸ್ವಾಮ್ಯ ನವೀಕರಣವಾಗದೆ, ಟಿ.ವಿ. ಕೇಂದ್ರಗಳು ಪ್ರತಿ ಕ್ರಿಸ್‌ಮಸ್‌ಗೆ ಪ್ರಸಾರ ಮಾಡತೊಡಗಿದ ಬಳಿಕ ಅದು ಮನೆಮನೆಯ ಚಿತ್ರವಾಯಿತು. ಅದರ ಭಾಗ್ಯದ ಬಾಗಿಲು ತೆರೆದದ್ದೂ ಮರುನೋಟದಿಂದಲೇ.

ದಿನಪತ್ರಿಕೆಯ ವಿಮರ್ಶಕ ಚಿತ್ರವನ್ನು ಒಮ್ಮೆ ನೋಡಿ, ಮುದ್ರಣದ ಗಡುವಿನೊಳಗೆ ತೀರ್ಪು ಬರೆಯಬೇಕು. ಟಿಕೆಟ್ಟಿಗೆ ಹಣ ಕೊಡಬೇಕೇ ಬೇಡವೇ ಎಂದು ತಿಳಿಯಬಯಸುವ ಓದುಗನಿಗೆ ಅದು ಸಾಕು. 1993ರ ವಿಮರ್ಶೆಗಳು ಆ ಕರ್ತವ್ಯವನ್ನು ಸರಿಯಾಗಿಯೇ ಮಾಡಿದವು. ಒಂದು ಕೃತಿ ಜನರ ಬದುಕಿನಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಅದರಲ್ಲೂ ನಗಿಸುತ್ತಲೇ ಹೇಳಬೇಕಾದ್ದನ್ನು ಹೇಳಿಬಿಡುವ ಚಿತ್ರಗಳ ವಿಷಯದಲ್ಲಿ ಉತ್ತರ ತಡವಾಗಿ ಬರುತ್ತದೆ, ಏಕೆಂದರೆ ಮೊದಲ ಸಲ ನೋಡುವಾಗ ಎಲ್ಲರೂ ನಗುವುದರಲ್ಲೇ ಮಗ್ನರಾಗಿರುತ್ತಾರೆ.