ಕೊನೆಗೆ ಯಾರಿಗೆ ಯಾರು?

2008ರ ಜುಲೈ 19ರಂದು ಅಮೆರಿಕದ ನಿಕಲೋಡಿಯನ್ ಚಾನೆಲ್‌ನಲ್ಲಿ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಕಾರ್ಟೂನಿನ ಕೊನೆಯ ಕಂತು ಬಂತು. ನೂರು ವರ್ಷದ ಯುದ್ಧ ಮುಗಿದಿದೆ. ಒಂದು ಚಹಾ ಅಂಗಡಿಯ ಬಾಲ್ಕನಿಯಲ್ಲಿ ಆಂಗ್ ನಿಂತಿದ್ದಾನೆ. ಕತಾರಾ ಬರುತ್ತಾಳೆ. ಮಾತಿಲ್ಲ, ಕತೆಯಿಲ್ಲ, ಒಂದು ಅಪ್ಪುಗೆ, ಒಂದು ಮುತ್ತು, ಮುಗೀತು. ಅಂತೂ ಲೋಕ ಉಳೀತಲ್ಲ ಅಂತ ಖುಷಿಪಡೋ ಹೊತ್ತಿನಲ್ಲಿ ಅಭಿಮಾನಿಗಳ ಒಂದು ಪಂಗಡ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟಿತು. ಅವರ ಲೆಕ್ಕದಲ್ಲಿ ಕತಾರಾ ಸೇರಬೇಕಾಗಿದ್ದು ಜುಕೋನನ್ನು.

2014 ಇನ್ನೂ ಗದ್ದಲದ ವರ್ಷ. ನವೆಂಬರ್‌ನಲ್ಲಿ ‘ನರುಟೊ’ ಕಾಮಿಕ್ಸ್ ಮುಗಿದು ನರುಟೊಗೆ ಹಿನಾಟಾ, ಸಾಸುಕೆಗೆ ಸಕುರಾ ಅಂತ ಗೊತ್ತಾದಾಗ ಒಂದು ಸುತ್ತಿನ ಜಗಳ. ಡಿಸೆಂಬರ್ 19ಕ್ಕೆ ‘ದಿ ಲೆಜೆಂಡ್ ಆಫ್ ಕೋರಾ’ ಮುಗಿದಾಗ ಕೋರಾ ತನ್ನ ಗೆಳತಿ ಅಸಾಮಿಯ ಕೈ ಹಿಡಿದುಕೊಂಡು ಹೋದಳು. ಅದು ಪ್ರೀತಿಯೋ ಗೆಳೆತನವೋ ಅಂತ ಜನ ಕಿತ್ತಾಡಿ, ಕೊನೆಗೆ ಅದರ ಕರ್ತೃಗಳೇ ‘ಹೌದು, ಪ್ರೀತಿಯೇ’ ಅಂತ ಬರೆದು ಹೇಳಬೇಕಾಯ್ತು.

ನಮ್ಮ ಟೀಮಿನಲ್ಲಿ ಇದೇ ವಿಷಯಕ್ಕೆ ಇವತ್ತಿಗೂ ಊಟದ ಮೇಜಿನ ಮೇಲೆ ವಾದ ನಡೆಯುತ್ತೆ. ಇಪ್ಪತ್ನಾಲ್ಕರ ಹುಡುಗ ಹುಡುಗೀರು ಅನ್ನ ಆರಿಹೋಗೋವರೆಗೂ ಕತಾರಾ ಪರ ವಕಾಲತ್ತು ಮಾಡ್ತಾರೆ. ಪಕ್ಕದ ಮೇಜಿನವರು ನಗ್ತಾರೆ, ‘ಕಾರ್ಟೂನ್ ಕಣ್ರೋ ಅದು’ ಅಂತ. ನನಗೆ ಮಾತ್ರ ಇದು ಕಾರ್ಟೂನಿಗಿಂತ ಬಹಳ ಹಳೆಯ ವ್ಯಾಜ್ಯ ಅನ್ನಿಸುತ್ತೆ. ಕತೆಯ ಕೊನೆಗೆ ಯಾರು ಯಾರ ಪಾಲಾಗಬೇಕು ಅನ್ನೋ ಪ್ರಶ್ನೆ ನಮ್ಮ ಬಳ್ಳಾರಿಯ ರಂಗದ ಮೇಲೆ ನೂರು ವರ್ಷಕ್ಕೂ ಹಿಂದೆಯೇ ಎದ್ದಿತ್ತು.

ನಮ್ಮೂರು ದೇಶನೂರು. ನಮಗೆ ಪೇಟೆ ಅಂದ್ರೆ ಮೊದಲು ಸಿರುಗುಪ್ಪ, ಆಮೇಲೆ ಬಳ್ಳಾರಿ. 1953ರ ಅಕ್ಟೋಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರೋ ತನಕ ಈ ಸೀಮೆಯೆಲ್ಲ ಮದ್ರಾಸಿನ ಆಡಳಿತದಲ್ಲಿತ್ತು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಕನ್ನಡ ತೆಲುಗು ಎರಡೂ, ಕೋರ್ಟಿನಲ್ಲಿ ಇಂಗ್ಲಿಷು. ಆ ಕೋರ್ಟಿನ ಇಬ್ಬರು ವಕೀಲರು ತೆಲುಗು ನಾಟಕದ ಚರಿತ್ರೆಯನ್ನೇ ಬದಲಾಯಿಸಿದರು. ಒಬ್ಬರು ಧರ್ಮವರಂ ರಾಮಕೃಷ್ಣಮಾಚಾರ್ಯುಲು (1853–1912), ‘ಸರಸ ವಿನೋದಿನಿ ಸಭಾ’ ಕಟ್ಟಿದವರು. ಇನ್ನೊಬ್ಬರು ಕೋಲಾಚಲಂ ಶ್ರೀನಿವಾಸರಾವ್, ‘ಸುಮನೋರಮಾ ಸಭಾ’ದವರು. ಬಳ್ಳಾರಿಯಲ್ಲಿ ಕಲಾಮಂದಿರಕ್ಕೆ ಯಾರ ಹೆಸರಿದೆಯೋ ಆ ಮಹಾನಟ ಬಳ್ಳಾರಿ ರಾಘವ ಈ ಧರ್ಮವರಂ ಅವರ ಬಂಧು.

ಧರ್ಮವರಂ ಅವರ ನಾಟಕಗಳಲ್ಲಿ ಒಂದರ ಹೆಸರು ‘ವಿಷಾದ ಸಾರಂಗಧರ’. ಕತೆ ತೆಲುಗು ಸೀಮೆಗೆಲ್ಲ ಗೊತ್ತಿದ್ದದ್ದೇ. ರಾಜಮಹೇಂದ್ರವರದ ರಾಜ ರಾಜರಾಜನರೇಂದ್ರ, ಅವನ ಮಗ ಸಾರಂಗಧರ. ನಾಟಕ, ಸಿನಿಮಾಗಳಲ್ಲಿ ಪ್ರಚಲಿತವಾದ ಪಾಠದ ಪ್ರಕಾರ ಚಿತ್ರಾಂಗಿ ಅನ್ನೋ ಹುಡುಗಿ ಸಾರಂಗಧರನಿಗೆ ಅಂತ ನೋಡಿದ ಹೆಣ್ಣು. ಆದರೆ ಮದುವೆಯಾದವನು ಅಪ್ಪ. ಅರಮನೆಗೆ ಬಂದ ಚಿತ್ರಾಂಗಿಯ ಮನಸ್ಸು ಮಗನ ಕಡೆಗೇ ಇದೆ. ಅವನು ‘ನೀನು ನನಗೆ ತಾಯಿ’ ಅಂತಾನೆ. ಅವಳು ಸಿಟ್ಟಿಗೆದ್ದು ಅವನ ಮೇಲೆಯೇ ಅಪವಾದ ಹೊರಿಸ್ತಾಳೆ. ರಾಜ ಹಿಂದುಮುಂದು ನೋಡದೆ ಮಗನ ಕೈಕಾಲು ಕಡಿಸ್ತಾನೆ.

ನಮ್ಮ ಕಡೆಯವರಿಗೆ ಇದು ಕೇಳಿದ ಕತೆ ಅನ್ನಿಸೋದು ಸಹಜ. ಸಿರುಗುಪ್ಪದಿಂದ ಅದೇ ತುಂಗಭದ್ರೆಯ ದಂಡೆ ಹಿಡಿದು ಮೇಲಕ್ಕೆ ಹೋದರೆ ಕಂಪ್ಲಿ. ಅಲ್ಲಿಯ ಕುಮಾರರಾಮ ಮತ್ತು ಚಿಕ್ಕಮ್ಮ ರತ್ನಾಜಿಯ ಕತೆಯ ಅಚ್ಚೂ ಇದೇ. ಚೆಂಡು ತರಲು ರತ್ನಾಜಿಯ ಅರಮನೆಗೆ ಹೋದ ರಾಮ, ಅವಳ ಆಸೆ, ಅವನ ನಿರಾಕರಣೆ, ಅವಳ ಅಪವಾದ, ಅಪ್ಪ ಕಂಪಿಲರಾಯನ ಮರಣದಂಡನೆ. ಅಲ್ಲಿ ಮಂತ್ರಿ ಬೈಚಪ್ಪ ರಾಮನನ್ನು ಬಚ್ಚಿಟ್ಟು ಉಳಿಸಿದ. ಸಾರಂಗಧರನ ಕತೆಯಲ್ಲೂ ಹಳಬರು ಒಂದು ದಾರಿ ಮಾಡಿಟ್ಟಿದ್ದರು. ಕೈಕಾಲು ಕಳಕೊಂಡು ಬಿದ್ದವನನ್ನು ಒಬ್ಬ ಸಿದ್ಧ ಬಂದು ಎತ್ತುತ್ತಾನೆ, ಅಂಗಗಳೆಲ್ಲ ಮತ್ತೆ ಚಿಗುರುತ್ತವೆ.

ಧರ್ಮವರಂ ಆ ದಾರಿಯನ್ನು ಮುಚ್ಚಿದರು. ಅವರ ನಾಟಕ ಶೋಕದಲ್ಲೇ ಮುಗಿಯಿತು, ಹೆಸರಿನಲ್ಲೇ ‘ವಿಷಾದ’ ಅಂತ ಇಟ್ಟು. ಸಾಹಿತ್ಯ ಚರಿತ್ರೆ ಬರೆದವರು ಇದನ್ನು ತೆಲುಗಿನ ಮೊದಲ ದುರಂತ ನಾಟಕ ಅಂತ ಗುರುತಿಸ್ತಾರೆ. ನಮ್ಮ ಕಡೆಯ ಬಯಲಾಟ ನೋಡಿ ಬೆಳೆದವರಿಗೆ ಇದು ಎಂಥ ಧೈರ್ಯ ಅಂತ ಗೊತ್ತಾಗುತ್ತೆ. ರಾತ್ರಿಯೆಲ್ಲ ಎಷ್ಟೇ ಯುದ್ಧ ಆಗಲಿ, ಅಳು ಆಗಲಿ, ಬೆಳಗಿನ ಜಾವಕ್ಕೆ ಮಂಗಳಾರತಿ ಆಗಲೇಬೇಕು. ಜನ ಹಗುರಾಗಿ ಎದ್ದು ಮನೆಗೆ ಹೋಗಬೇಕು. ಸಂಸ್ಕೃತ ನಾಟಕದ ಕಟ್ಟಳೆಯೂ ಹೆಚ್ಚುಕಡಿಮೆ ಅದೇ, ಕೊನೆ ಶುಭವಾಗಬೇಕು.

ಆ ಕಟ್ಟಳೆ ಎಷ್ಟು ಬಿಗಿ ಅಂದ್ರೆ ಅದಕ್ಕೋಸ್ಕರ ರಾಮಾಯಣದ ಕೊನೆಯೇ ಬದಲಾಯ್ತು. ಉತ್ತರಕಾಂಡದಲ್ಲಿ ಸೀತೆ ಭೂಮಿಯೊಳಗೆ ಹೋಗಿಬಿಡ್ತಾಳೆ. ಎಂಟನೇ ಶತಮಾನದ ಭವಭೂತಿ ‘ಉತ್ತರರಾಮಚರಿತ’ ಬರೆದಾಗ ಅದನ್ನು ಒಪ್ಪಲಿಲ್ಲ. ಅವನ ಏಳನೇ ಅಂಕದಲ್ಲಿ ನಾಟಕದೊಳಗೊಂದು ನಾಟಕ ಇದೆ. ಬರೆದವನು ವಾಲ್ಮೀಕಿ, ಆಡುವವರು ಅಪ್ಸರೆಯರು, ಕೂತು ನೋಡುವವನು ಸ್ವತಃ ರಾಮ. ಸೀತೆಯ ಪಾಡು ನೋಡಿ ಪ್ರೇಕ್ಷಕ ರಾಮ ಮೂರ್ಛೆ ಹೋಗ್ತಾನೆ. ಆಗ ನಿಜವಾದ ಸೀತೆಯೇ ಬರ್ತಾಳೆ, ಇಬ್ಬರೂ ಒಂದಾಗ್ತಾರೆ. ಕೊನೆ ನೋಡಿ ತಡೆಯಲಾರದ ಅಭಿಮಾನಿಗಾಗಿ ಕೊನೆಯನ್ನು ತಿದ್ದಿಕೊಟ್ಟ ಹಾಗೆ. ಕನ್ನಡದಲ್ಲಿ ಲಕ್ಷ್ಮೀಶನ ‘ಜೈಮಿನಿ ಭಾರತ’ದ ಕುಶಲವರ ಕತೆಯೂ ರಾಮಸೀತೆಯರನ್ನು ಕೂಡಿಸಿಯೇ ಮುಗಿಯೋದು.

ಇದು ನಮ್ಮ ದೇಶದ ಚಾಳಿ ಮಾತ್ರ ಅಲ್ಲ. 1861ರಲ್ಲಿ ಚಾರ್ಲ್ಸ್ ಡಿಕನ್ಸ್ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಮುಗಿಸುವಾಗ ಪಿಪ್ ಮತ್ತು ಎಸ್ಟೆಲ್ಲಾಳನ್ನು ಬೇರೆ ಮಾಡಿಯೇ ಬರೆದಿದ್ದ. ಗೆಳೆಯ, ಕಾದಂಬರಿಕಾರ ಬುಲ್ವರ್ ಲಿಟ್ಟನ್ ಬೇಡ ಅಂದ. ಡಿಕನ್ಸ್ ಕೊನೆಯನ್ನು ಬದಲಿಸಿ, ಇಬ್ಬರೂ ಜೊತೆಯಾಗಿ ನಡೆದುಹೋಗೋ ಹಾಗೆ ಮಾಡಿದ. ಅದೇ ದಶಕದಲ್ಲಿ ಅಮೆರಿಕದ ಲೂಯಿಸಾ ಮೇ ಆಲ್ಕಾಟ್‌ಗೆ ‘ಲಿಟಲ್ ವಿಮೆನ್’ ಓದಿದ ಹುಡುಗಿಯರು ಪತ್ರದ ಮೇಲೆ ಪತ್ರ ಬರೆದರು, ಜೋಳನ್ನು ಲಾರಿಗೆ ಕೊಟ್ಟು ಮದುವೆ ಮಾಡಿ ಅಂತ. ಯಾರನ್ನು ಮೆಚ್ಚಿಸೋದಕ್ಕೂ ಹಾಗೆ ಮಾಡಲ್ಲ ಅಂತ ಆಕೆ ದಿನಚರಿಯಲ್ಲಿ ಬರೆದುಕೊಂಡಳು. ಎರಡನೇ ಭಾಗದಲ್ಲಿ ಜೋಗೆ ವಯಸ್ಸಾದ ಪ್ರೊಫೆಸರ್ ಒಬ್ಬ ಗಂಡನಾದ. ನೂರೈವತ್ತು ವರ್ಷ ದಾಟಿದರೂ ಓದುಗರ ಆ ಬೇಜಾರು ಪೂರ್ತಿ ಹೋಗಿಲ್ಲ.

ಕನ್ನಡದ ಮಟ್ಟಿಗೆ ಇಂಥ ಬೇಜಾರಿಗೆ ಒಂದು ತಾರೀಖು ಇದೆ, ಡಿಸೆಂಬರ್ 29. 1972ರ ಆ ದಿನ ಬಿಡುಗಡೆಯಾದದ್ದು ‘ನಾಗರಹಾವು’. ಸರಿಯಾಗಿ ಮೂವತ್ನಾಲ್ಕು ವರ್ಷದ ನಂತರ, 2006ರ ಅದೇ ತಾರೀಖಿಗೆ ‘ಮುಂಗಾರು ಮಳೆ’. ಎರಡರಲ್ಲೂ ಹೀರೋಗೆ ತಾನು ಪ್ರೀತಿಸಿದ ಹುಡುಗಿ ಸಿಗಲ್ಲ. ಎರಡೂ ಭರ್ಜರಿ ಗೆದ್ದವು.

ತ.ರಾ. ಸುಬ್ಬರಾಯರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ‘ನಾಗರಹಾವು’ ಮಾಡಿದರು. ಸಿನಿಮಾ ನೋಡಿದ ತ.ರಾ.ಸು.ಗೆ ಸಮಾಧಾನ ಆಗಲಿಲ್ಲ. ತನ್ನ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿಬಿಟ್ಟರು ಅಂತ ಅವರು ಬೇಸರಪಟ್ಟರು ಅನ್ನೋದು ಚಿತ್ರರಂಗದಲ್ಲಿ ಇವತ್ತಿಗೂ ಓಡಾಡೋ ಮಾತು. ಜನಸಾಮಾನ್ಯರ ಸಂಕಟ ಬೇರೆ, ಅದು ಅಲಮೇಲು ಬಗ್ಗೆ. ರಾಮಾಚಾರಿಗೂ ಅಲಮೇಲುಗೂ ಪ್ರೀತಿ. ಮತ ಬೇರೆ ಅನ್ನೋ ಕಾರಣಕ್ಕೆ ಚಾಮಯ್ಯ ಮೇಷ್ಟ್ರು ರಾಮಾಚಾರಿಯ ಮನಸ್ಸು ತಿರುಗಿಸ್ತಾರೆ. ಗುರುವಿನ ಮಾತಿಗೆ ಶಿಷ್ಯ ತ್ಯಾಗ ಮಾಡ್ತಾನೆ. ಅಲಮೇಲು ಬೇರೆಯವನನ್ನು ಮದುವೆಯಾಗಿ, ಆಮೇಲೆ ಮೈ ಮಾರಿಕೊಳ್ಳೋ ಸ್ಥಿತಿಯಲ್ಲಿ ರಾಮಾಚಾರಿಯ ಕಣ್ಣಿಗೆ ಬೀಳ್ತಾಳೆ. ಎರಡನೇ ಸಲ, ಮಾರ್ಗರೆಟ್ ವಿಷಯದಲ್ಲೂ ಮೇಷ್ಟ್ರು ಅಡ್ಡ ಬಂದಾಗ ಬೆಟ್ಟದ ಮೇಲೆ ಮೂರು ಜೀವ ಹೋಗುತ್ತೆ.

ನಮ್ಮವ್ವ ಈ ಸಿನಿಮಾವನ್ನು ಟೀವಿಯಲ್ಲಿ ಎಷ್ಟು ಸಲ ನೋಡಿದ್ದಾಳೋ ಲೆಕ್ಕ ಇಲ್ಲ. ಮೇಷ್ಟ್ರು ರಾಮಾಚಾರಿಗೆ ಬುದ್ಧಿ ಹೇಳೋ ಸೀನ್ ಬಂದ ತಕ್ಷಣ ಎದ್ದು ಅಡುಗೆಮನೆಗೆ ಹೋಗ್ತಾಳೆ. ಒಂದು ಸಲ ಅಲ್ಲಿಂದಲೇ ಅಂದಳು: “ಅಲ್ಲಲೇ, ಆ ಹುಡ್ಗೀನ ಒಬ್ರಾದ್ರೂ ಕೇಳಿದ್ರೇನು? ಮೇಷ್ಟ್ರು ಹೇಳಿದ್ರು, ಇವ ತಲಿ ಆಡಿಸ್ದ. ಆಕಿ ಬಾಳೇವು ಮುಗೀತು.”

ಅವ್ವ ಹಾಗಂದಿದ್ದಕ್ಕೆ ಕಾರಣ ಇದೆ. ನಮ್ಮ ಕಡೆ ಸೋದರಮಾವನಿಗೋ ಅತ್ತೆ ಮಗನಿಗೋ ಹೆಣ್ಣು ಕೊಡೋದು ರೂಢಿ. ತೊಟ್ಟಿಲಲ್ಲಿದ್ದಾಗಲೇ ‘ಇವಳು ಇವನಿಗೆ’ ಅಂತ ಹಿರಿಯರು ಹೇಳಿಬಿಡ್ತಾರೆ. ನಮ್ಮವ್ವನದ್ದೂ ಹಾಗೇ ಆದದ್ದು. ಅವಳ ಸಂಸಾರ ಚೆನ್ನಾಗಿಯೇ ನಡೆದಿದೆ, ಅಪ್ಪನ ಮೇಲೆ ಅವಳ ದೂರೇನಿಲ್ಲ. ಆದರೆ ಕೇಳಿದ್ದರೆ ಏನು ಹೇಳ್ತಿದ್ದಳು ಅನ್ನೋದು ಯಾರಿಗೂ ಗೊತ್ತಿಲ್ಲ. ಅಂಥವಳಿಗೆ ಅಲಮೇಲು ಯಾರ ಪಾಲಾದಳು ಅನ್ನೋದು ಬರೀ ಸಿನಿಮಾದ ವಿಷಯ ಹೇಗಾಗುತ್ತೆ?

ಅವ್ವನ ಈ ಒಂದು ಪ್ರಶ್ನೆ ಹಿಡಿದುಕೊಂಡು ಮೇಲಿನ ಕತೆಗಳನ್ನೆಲ್ಲ ಮತ್ತೆ ನೋಡಿ. ಚಿತ್ರಾಂಗಿಯನ್ನು ಯಾರೂ ಕೇಳಲಿಲ್ಲ. ಮಗನಿಗೆ ಅಂತ ನೋಡಿದವಳನ್ನು ಅಪ್ಪನಿಗೆ ಕಟ್ಟಿದರು. ಆಮೇಲೆ ನಡೆದ ಅನ್ಯಾಯಕ್ಕೆಲ್ಲ ಅವಳೊಬ್ಬಳೇ ಹೊಣೆ ಅನ್ನೋ ಹಾಗೆ ಕತೆ ಬೆಳೆಯಿತು. ಅವಳು ಹೊರಿಸಿದ ಅಪವಾದ ಘೋರವಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ತಪ್ಪು ಮದುವೆ ಮಂಟಪದಲ್ಲೇ ಆಗಿತ್ತು. ‘ಮುಂಗಾರು ಮಳೆ’ಗೆ ಬನ್ನಿ. ಮ್ಯಾನ್‌ಹೋಲಿಗೆ ಬಿದ್ದು ಪ್ರೀತಿ ಶುರುಮಾಡಿದ ಪ್ರೀತಮ್, ಮಡಿಕೇರಿಗೆ ಹೋಗಿ ನಂದಿನಿಯ ಮನಸ್ಸು ಗೆಲ್ತಾನೆ. ಮದುವೆ ಹತ್ತಿರ ಬಂದಾಗ ಗೌತಮ್‌ಗಾಗಿ, ಅವಳ ಅಪ್ಪನ ನಂಬಿಕೆಗಾಗಿ ತಾನೇ ಹಿಂದೆ ಸರೀತಾನೆ. ಅವನ ತ್ಯಾಗಕ್ಕೆ, ಸತ್ತ ಮೊಲ ದೇವದಾಸನಿಗೆ ಇಡೀ ರಾಜ್ಯ ಅತ್ತಿತು. ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಮೇಲೆ ಓಡಿತು. ನಾನೂ ಅವನಿಗಾಗಿ ಮರುಗಿದವನೇ. ಆದರೆ ತ್ಯಾಗ ಮಾಡಿದವನು ಬಿಟ್ಟುಕೊಟ್ಟದ್ದು ತನ್ನ ಆಸ್ತಿಯನ್ನಲ್ಲ, ಇನ್ನೊಬ್ಬಳ ಬದುಕನ್ನು. ಆ ನಿರ್ಧಾರದಲ್ಲಿ ನಂದಿನಿಯ ಮಾತಿಗೆ ಎಷ್ಟು ತೂಕ ಸಿಕ್ಕಿತು?

ಈ ವಿಷಯದಲ್ಲಿ ಮಲಯಾಳಂನ ‘ಹರಿಕೃಷ್ಣನ್ಸ್’ (1998) ತಮಾಷೆಯೂ ಹೌದು, ಪಾಠವೂ ಹೌದು. ಮಮ್ಮೂಟಿ, ಮೋಹನ್‌ಲಾಲ್ ಇಬ್ಬರೂ ಹೀರೋಗಳು, ಜೂಹಿ ಚಾವ್ಲಾ ಒಬ್ಬಳೇ ನಾಯಕಿ. ಯಾರ ಅಭಿಮಾನಿಗಳಿಗೂ ನೋವಾಗಬಾರದು ಅಂತ ಎರಡು ಕೊನೆ ತೆಗೆದರು. ಕೆಲವು ಪ್ರಿಂಟಿನಲ್ಲಿ ಆಕೆ ಇವರಿಗೆ, ಕೆಲವು ಪ್ರಿಂಟಿನಲ್ಲಿ ಅವರಿಗೆ. ಅಭಿಮಾನಿಗಳನ್ನು ಮೆಚ್ಚಿಸೋದನ್ನೇ ಗುರಿ ಮಾಡಿಕೊಂಡರೆ ಕೊನೆಗೆ ಆಗೋದು ಇದೇ. ಹುಡುಗಿಯ ಮನಸ್ಸು ಯಾವ ಪ್ರಿಂಟು ಯಾವ ಊರಿಗೆ ಬಂತು ಅನ್ನೋದರ ಮೇಲೆ ನಿಲ್ಲುತ್ತೆ.

ಹಾಗಾಗಿ ಅಭಿಮಾನಿಗಳ ಬೇಜಾರಿನಲ್ಲಿ ಎರಡು ಬಗೆ ಅಂತ ನನಗೆ ಅನ್ನಿಸುತ್ತೆ. ‘ನನ್ನ ಹೀರೋಗೆ ಅವಳು ಸಿಗಲಿಲ್ಲ’ ಅನ್ನೋದು ಒಂದು. ಅದು ಪಂದ್ಯ ಸೋತ ಬೇಜಾರು, ಎರಡು ದಿನಕ್ಕೆ ಹೋಗುತ್ತೆ. ‘ಅವಳು ಯಾಕೆ ಒಪ್ಪಿದಳು ಅಂತ ನೀವು ತೋರಿಸಲೇ ಇಲ್ಲ’ ಅನ್ನೋದು ಇನ್ನೊಂದು. ಇದು ಬೇಗ ಹೋಗಲ್ಲ, ಹೋಗಬಾರದು ಕೂಡ. ಕೊನೆಯ ಕಂತುಗಳಿಗೆ ಸ್ವಲ್ಪ ಮುಂಚೆ ಆಂಗ್ ಕೇಳಿದಾಗ ಕತಾರಾ ತನಗೇ ಗೊಂದಲ ಆಗಿದೆ ಅಂತ ಹೇಳಿರ್ತಾಳೆ. ಆ ಗೊಂದಲ ಹೇಗೆ ತಿಳಿಯಾಯ್ತು ಅನ್ನೋದು ಎಲ್ಲೂ ಇಲ್ಲ. ನೇರ ಬಾಲ್ಕನಿ. ಅವಳು ತಾನಾಗಿಯೇ ಹೊರಗೆ ಬರ್ತಾಳೆ ಅನ್ನೋದು ನಿಜ, ಅಷ್ಟರ ಮಟ್ಟಿಗೆ ಅವಳು ಅಲಮೇಲುಗಿಂತ ಪುಣ್ಯವಂತೆ. ಆದರೂ ನಮ್ಮ ಟೀಮಿನ ಹುಡುಗಿಯರು ಕೇಳ್ತಿರೋದು ಆ ಬಿಟ್ಟುಹೋದ ಸೀನನ್ನು. ಅದು ನಮ್ಮವ್ವ ಅಡುಗೆಮನೆಯಿಂದ ಕೇಳಿದ ಪ್ರಶ್ನೆಯೇ.

ಹೀಗೆ ನೋಡಿದಾಗ ನನಗೆ ಹೆಚ್ಚು ಕಾಡೋದು ಸೀತೆ. ಇಷ್ಟು ಕತೆಗಳಲ್ಲಿ ಕೊನೆಯನ್ನು ತಾನೇ ಬರೆದುಕೊಂಡವಳು ಉತ್ತರಕಾಂಡದ ಸೀತೆ. ತುಂಬಿದ ಸಭೆಯಲ್ಲಿ ಮತ್ತೊಮ್ಮೆ ಪ್ರಮಾಣ ಮಾಡು ಅಂದಾಗ ಅವಳು ಗಂಡನ ಪಕ್ಕದ ಸಿಂಹಾಸನ ಬೇಡ ಅಂತ ಭೂಮಿತಾಯಿಯನ್ನು ಕರೆದು ಹೊರಟುಬಿಟ್ಟಳು. ಜನಕ್ಕೆ ಸಹಿಸೋಕೆ ಆಗದೆ ಕವಿಗಳು ಮತ್ತೆ ಮತ್ತೆ ತಿದ್ದಿದ್ದು ಅದೇ ಕೊನೆಯನ್ನು. ಪ್ರೀತಿಯಿಂದಲೇ ತಿದ್ದಿದರು, ಅದರಲ್ಲಿ ಅನುಮಾನ ಇಲ್ಲ. ಅವಳು ಸುಖವಾಗಿರಲಿ ಅಂತಲೇ ರಾಮನ ಪಕ್ಕಕ್ಕೆ ತಂದು ಕೂರಿಸಿದರು. ಆದರೆ ಒಲ್ಲೆ ಅಂದು ಹೊರಟವಳನ್ನು ಹಾಗೆ ವಾಪಸ್ ಕರೆತರುವ ಮುಂಚೆ, ಬರ್ತೀಯೇನಮ್ಮ ಅಂತ ಅವಳನ್ನು ಒಂದು ಮಾತು ಕೇಳಬೇಕಿತ್ತು.