ಆಂಬುಲೆನ್ಸ್‌ಗೆ ರೋಗಿ ದಾಖಲೆ ಸಾಫ್ಟ್‌ವೇರ್: ಕೊಳ್ಳುವ ಮುನ್ನ ಏನು ನೋಡಬೇಕು?

ನೀವು ನರ್ಸಿಂಗ್ ಹೋಮ್ ಅಥವಾ ಟ್ರಸ್ಟ್ ಆಸ್ಪತ್ರೆಯ ಆಂಬುಲೆನ್ಸ್ ನಡೆಸುತ್ತಿದ್ದರೆ, ಕಾಗದದ ಬದಲು ಟ್ಯಾಬ್‌ನಲ್ಲಿ ದಾಖಲೆ ಬರೆಯುವ ಸಾಫ್ಟ್‌ವೇರನ್ನು ಯಾರಾದರೂ ಈಗಾಗಲೇ ನಿಮಗೆ ತೋರಿಸಿರಬಹುದು. (ಔಷಧದಂಗಡಿಯವರಿಗೆ ‘ಟ್ಯಾಬ್ಲೆಟ್’ ಎಂದರೆ ಮಾತ್ರೆಯೇ, ಹಾಗಾಗಿ ಇಲ್ಲಿ ಟ್ಯಾಬ್ ಎನ್ನೋಣ.) 108 ಸೇವೆ ಶುರುವಾದದ್ದು ನಾನಿರುವ ಹೈದರಾಬಾದಿನಲ್ಲಿ, 2005ರ ಆಗಸ್ಟ್ 15ರಂದು. ಕರ್ನಾಟಕಕ್ಕೆ ಅದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ 2008ರ ನವೆಂಬರ್ 1ರಂದು ಬಂತು. ಸಾಫ್ಟ್‌ವೇರ್ ಕಂಪನಿಗಳಿಂದ ತುಂಬಿದ ಇಲ್ಲಿನ ಮಾದಾಪುರದ ಎ.ಸಿ. ಕೋಣೆಯಲ್ಲಿ, ವೈಫೈ ಇರುವಾಗ, ಯಾವ ಆ್ಯಪ್ ಆದರೂ ಚೆನ್ನಾಗಿಯೇ ಓಡುತ್ತದೆ. ನೀವು ಅದನ್ನು ಓಡುವ ವಾಹನದಲ್ಲಿ ನೋಡಬೇಕು.

ಮೊದಲು ಔಷಧದ ಪುಟ ತೆರೆಯಲು ಹೇಳಿ. ಫಿಟ್ಸ್ ನಿಲ್ಲಿಸಲು ಕೊಡುವ ಮಿಡಜೋಲಾಮ್ ಇಂಜೆಕ್ಷನ್ ಒಂದು ಎಂ.ಎಲ್.ಗೆ 1 ಮಿ.ಗ್ರಾಂ ಇರುವಂತೆಯೂ ಸಿಗುತ್ತದೆ, 5 ಮಿ.ಗ್ರಾಂ ಇರುವಂತೆಯೂ ಸಿಗುತ್ತದೆ. ದಾಖಲೆಯಲ್ಲಿ ಬರೀ ‘2 ಎಂ.ಎಲ್.’ ಎಂದಿದ್ದರೆ ರೋಗಿಗೆ ಹೋದದ್ದು 2 ಮಿ.ಗ್ರಾಂ ಇರಬಹುದು, 10 ಮಿ.ಗ್ರಾಂ ಕೂಡ ಇರಬಹುದು. ಸ್ವಲ್ಪ ಹೊತ್ತಿನಲ್ಲಿ ಉಸಿರಾಟ ನಿಧಾನವಾದರೆ ಡ್ಯೂಟಿ ಡಾಕ್ಟರಿಗೆ ಬೇಕಾಗುವುದು ಈ ಒಂದೇ ಮಾಹಿತಿ. ಆದ್ದರಿಂದ ಮಿಲಿಗ್ರಾಂ, ಔಷಧದ ಸಾಂದ್ರತೆ, ಕೊಟ್ಟ ಮಾರ್ಗ, ಕೊಟ್ಟ ಸಮಯ ಇವು ನಾಲ್ಕನ್ನೂ ಆ್ಯಪ್ ಕೇಳಬೇಕು. ಕೊಟ್ಟ ಸಮಯವೇ ಬೇರೆ, ಟೈಪ್ ಮಾಡಿದ ಸಮಯವೇ ಬೇರೆ. ಸಿಪಿಆರ್ ಮಾಡುತ್ತಿರುವ ಕೈ ಟೈಪ್ ಮಾಡುವುದಿಲ್ಲ; ಅಡ್ರಿನಲಿನ್ ಕೊಟ್ಟದ್ದನ್ನು ಹತ್ತು ನಿಮಿಷದ ನಂತರ ಬರೆದರೂ ಸರಿಯಾದ ಸಮಯ ಹಾಕಲು ಆಗಬೇಕು.

ಅಲರ್ಜಿಯ ಜಾಗವನ್ನೂ ನೋಡಿ. ‘ಅಲರ್ಜಿ ಇಲ್ಲ’ ಮತ್ತು ‘ಕೇಳಲು ಆಗಲಿಲ್ಲ’ ಎಂಬುವು ಬೇರೆ ಬೇರೆ ಉತ್ತರಗಳು. ಪ್ರಜ್ಞೆಯಿಲ್ಲದ ರೋಗಿಗೆ ಖಾಲಿ ಜಾಗವನ್ನೇ ‘ಇಲ್ಲ’ ಎಂದು ತೋರಿಸುವ ಸಾಫ್ಟ್‌ವೇರ್ ಬೇಡವೇ ಬೇಡ.

ಇನ್ನು ನೆಟ್‌ವರ್ಕ್. ಡೆಮೊ ನಡೆಯುವಾಗಲೇ ಟ್ಯಾಬನ್ನು ಏರೋಪ್ಲೇನ್ ಮೋಡ್‌ಗೆ ಹಾಕಿಸಿ, ಒಂದು ಕೇಸ್ ಪೂರ್ತಿ ಬರೆಯಿಸಿ, ಟ್ಯಾಬ್ ಆಫ್ ಮಾಡಿ ಆನ್ ಮಾಡಿ. ಬರೆದದ್ದು ಉಳಿದಿದೆಯೇ? ಗ್ಲೌಸ್ ಹಾಕಿದ ಬೆರಳಿಗೆ ಪರದೆ ಸ್ಪಂದಿಸುತ್ತದೆಯೇ? ಬಿಸಿಲಿನಲ್ಲಿ ಓದಲು ಬರುತ್ತದೆಯೇ?

ಬೀದರ್, ರಾಯಚೂರು ಕಡೆಯಿಂದ ಹೈದರಾಬಾದಿಗೆ ಬರುವ ರೋಗಿಗಳು ಬಹಳ. ಆ ಆಸ್ಪತ್ರೆಯಲ್ಲಿ ನಿಮ್ಮ ಸಾಫ್ಟ್‌ವೇರ್ ಇರುವುದಿಲ್ಲ. ಹಾಗಾಗಿ ಸ್ಟ್ರೆಚರ್ ಇಳಿಸುವ ಹೊತ್ತಿಗೆ ಒಂದು ಪುಟದ ಸಾರಾಂಶವನ್ನು ಪ್ರಿಂಟ್ ಆಗಿಯೋ ಪಿಡಿಎಫ್ ಆಗಿಯೋ ಕೊಡಲು ಬರಬೇಕು. ಎದೆನೋವಿಗೆ ದಾರಿಯಲ್ಲೇ ಆಸ್ಪಿರಿನ್ ಅಗಿಯಲು ಕೊಟ್ಟಿರುತ್ತೀರಿ. ಅದು ಆ ಪುಟದಲ್ಲಿ ಇಲ್ಲದಿದ್ದರೆ ಅಲ್ಲಿ ಮತ್ತೊಮ್ಮೆ ಕೊಡುವ ಸಂಭವವಿದೆ. ಕಂಪ್ಯೂಟರಿನಿಂದ ಕಂಪ್ಯೂಟರಿಗೆ ದಾಖಲೆ ಹೋಗಬೇಕಾದರೆ ‘ಫೈರ್’ ಮಾನದಂಡಕ್ಕೆ ಹೊಂದುತ್ತದೆಯೇ ಎಂದು ಕೇಳಿ; ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಬಳಸುವುದು ಅದನ್ನೇ. 14 ಅಂಕಿಯ ಆಭಾ ಸಂಖ್ಯೆ ಇದ್ದರೆ ಒಳ್ಳೆಯದು. ಆದರೆ ಹೆಸರೂ ಗೊತ್ತಿಲ್ಲದ ರೋಗಿಗೆ ದಾಖಲೆ ತೆರೆಯಲು ಬರಬೇಕು, ಆಭಾವನ್ನು ಆಮೇಲೆ ಜೋಡಿಸಬಹುದು.

ಕನ್ನಡದ ಪರದೆ ಇದೆ ಎಂದರೆ ಖುಷಿಪಡಿ, ಜೊತೆಗೇ ಓದಿ ನೋಡಿ. ಅನುವಾದದ ಕೆಲಸ ಮಾಡುವ ನನಗೆ ‘ಆಘಾತ’ ಎಂಬ ಪದ ಕಂಡರೆ ಭಯ. ಶಾಕ್, ಟ್ರಾಮಾ, ಸ್ಟ್ರೋಕ್ ಮೂರಕ್ಕೂ ಅದನ್ನೇ ಹಾಕುವವರಿದ್ದಾರೆ. ಈ ಮೂರರ ಚಿಕಿತ್ಸೆ ಮಾತ್ರ ಬೇರೆ ಬೇರೆ. ಸಿಬ್ಬಂದಿ ಬಾಯಲ್ಲಿರುವ ಪದವನ್ನೇ ಕನ್ನಡ ಲಿಪಿಯಲ್ಲಿ ಬರೆಸುವುದು ಮೇಲು.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಜೀವಾಪಾಯದ ಹೊತ್ತಿನಲ್ಲಿ ಒಪ್ಪಿಗೆಗಾಗಿ ಕಾಯಬೇಕೆನ್ನುವುದಿಲ್ಲ. ಹಾಗೆಂದು ರೋಗಿಯ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಬಾರದು. ಯಾರು ದಾಖಲೆ ತೆರೆದರು, ಯಾರು ತಿದ್ದಿದರು ಎಂಬ ಗುರುತು ಉಳಿಯಬೇಕು. ಮುಂದೆ ನೀವು ಆ ಕಂಪನಿಯನ್ನು ಬಿಟ್ಟರೆ ಹಳೆಯ ದಾಖಲೆಗಳೆಲ್ಲ ಓದಬಲ್ಲ ರೂಪದಲ್ಲಿ ವಾಪಸ್ ಬರಬೇಕೆಂದು ಕರಾರಿನಲ್ಲೇ ಬರೆಸಿ.

ಸಹಿ ಹಾಕುವ ಮುನ್ನ ರಾತ್ರಿ ಪಾಳಿಯ ಇಬ್ಬರ ಕೈಗೆ ಟ್ಯಾಬ್ ಕೊಟ್ಟು ಕೆಲವು ವಾರ ಬಳಸಲು ಬಿಡಿ, ಕಾಗದದ ಫಾರಂ ಜೊತೆಗಿರಲಿ. ಖಾಯಂ ಆದ ಮೇಲೂ ಒಂದು ಪ್ಯಾಡ್, ಎರಡು ಪೆನ್ನು ವಾಹನದಲ್ಲೇ ಇಟ್ಟಿರಿ.